ತಾಯಿ ಕಟ್ಟಿಕೊಟ್ಟ ಬುತ್ತಿ, ಮಗುವಿನ ಒಂದು ಹನಿ ರಕ್ತ: ಶಾಗಸ್ ಸೋಂಕನ್ನು ಕರೆಂಟಿನಲ್ಲಿ ಹಿಡಿಯೋದು ಹೇಗೆ?

 

ಈ ಸಲದ ವಿಷಯ ಸಿಕ್ಕಿದ್ದು ಒಂದು ಪತ್ರದಿಂದ. ಇಲ್ಲೇ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇರುವ ಕೇಳುಗರೊಬ್ಬರು ಮೊದಲ ಸಲ ರಕ್ತದಾನ ಮಾಡಿದ್ದರಂತೆ. ಆಮೇಲೆ ತಮ್ಮ ರಕ್ತಕ್ಕೆ ಯಾವ್ಯಾವ ಪರೀಕ್ಷೆ ಮಾಡಿದ್ದಾರೆ ಅಂತ ನೋಡಿದರೆ ಎಚ್‌ಐವಿ, ಹೆಪಟೈಟಿಸ್ ಸಾಲಿನಲ್ಲಿ 'ಟ್ರಿಪನೊಸೋಮಾ ಕ್ರೂಜಿ' ಅಂತ ಒಂದು ಹೆಸರು. "ಇದು ಯಾವ ಕಾಯಿಲೆ? ಊರಲ್ಲಿ ಇದರ ಹೆಸರೇ ಕೇಳಿಲ್ಲವಲ್ಲ" ಅಂತ ಬರೆದಿದ್ದರು. ಒಂದೇ ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಓದುತ್ತಾ ಹೋದ ಹಾಗೆ ನಮಗೆ ಇದರಲ್ಲಿ ಇನ್ನೊಂದು ಪ್ರಶ್ನೆ ಕಾಣಿಸಿತು. ಈ ಸೋಂಕು ತಾಯಿಯಿಂದ ಮಗುವಿಗೆ ಹೋದರೆ, ಮಗುವಿನಲ್ಲಿ ಅದನ್ನು ಕಂಡುಹಿಡಿಯೋದು ಯಾಕೆ ಇಷ್ಟು ಕಷ್ಟ? ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇರುತ್ತಲ್ಲ ಶುಗರ್ ಮೆಷಿನ್, ಆ ಥರದ್ದೊಂದು ಇದಕ್ಕೆ ಯಾಕೆ ಇಲ್ಲ? ಇವತ್ತು ಇದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕಾಯಿಲೆಯ ಪರಿಚಯ. 1909ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಲಸಾನ್ಸಿ ಅನ್ನುವ ಸಣ್ಣ ಊರಿನಲ್ಲಿ ಕಾರ್ಲೋಸ್ ಶಾಗಸ್ ಅನ್ನುವ ಯುವ ವೈದ್ಯ ಕೆಲಸ ಮಾಡುತ್ತಿದ್ದರು. ಅಲ್ಲಿ ರೈಲು ಹಳಿ ಹಾಕುತ್ತಿದ್ದ ಕೂಲಿಗಳಿಗೆ ಮಲೇರಿಯಾ. ಅದನ್ನು ತಡೆಯಲು ಅವರನ್ನು ಕಳಿಸಿದ್ದರು. ಆ ಭಾಗದ ಮಣ್ಣಿನ ಗೋಡೆಯ ಮನೆಗಳ ಬಿರುಕುಗಳಲ್ಲಿ ಒಂದು ರಕ್ತ ಹೀರುವ ಕೀಟ ಇರುತ್ತಿತ್ತು. ನಮ್ಮ ತಿಗಣೆಗೆ ದೊಡ್ಡಣ್ಣ ಅನ್ನಿ. ರೆಕ್ಕೆ ಇದೆ, ಹೆಬ್ಬೆರಳಿನ ಉಗುರಿಗಿಂತ ಉದ್ದ. ರಾತ್ರಿ ಮಲಗಿದವರ ಮುಖವನ್ನೇ ಹೆಚ್ಚಾಗಿ ಕಚ್ಚೋದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಕಿಸ್ಸಿಂಗ್ ಬಗ್ ಅಂತಾರೆ. ಶಾಗಸ್ ಆ ಕೀಟದ ಕರುಳಿನಲ್ಲಿ ಬಾಲವಿರುವ ಏಕಕೋಶ ಜೀವಿಯೊಂದನ್ನು ನೋಡಿದರು. ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ವರ್ಷ ಏಪ್ರಿಲ್ 14ರಂದು ಬೆರೆನಿಸ್ ಅನ್ನುವ ಎರಡು ವರ್ಷದ ಹುಡುಗಿಯ ರಕ್ತದಲ್ಲಿ ಅದೇ ಜೀವಿ ಸಿಕ್ಕಿತು. ಸಾಮಾನ್ಯವಾಗಿ ರೋಗಿಯನ್ನು ಕಂಡ ಮೇಲೆ ರೋಗಾಣುವನ್ನು ಹುಡುಕುತ್ತಾರೆ. ಇಲ್ಲಿ ಮೊದಲು ಸಿಕ್ಕಿದ್ದು ಕೀಟ, ಆಮೇಲೆ ರೋಗಾಣು, ಕೊನೆಗೆ ರೋಗಿ. ಬೆರೆನಿಸ್ ಎಪ್ಪತ್ತು ದಾಟಿ ಬದುಕಿದರು ಅನ್ನೋದನ್ನೂ ಹೇಳಿಬಿಡೋಣ, ಯಾಕಂದರೆ ಈ ಕಾಯಿಲೆಯ ಸ್ವಭಾವ ಅದರಲ್ಲೇ ಇದೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗೋದಿಲ್ಲ. ಆದರೆ ನೂರಕ್ಕೆ 20ರಿಂದ 30 ಜನಕ್ಕೆ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಹೃದಯ ದೊಡ್ಡದಾಗುತ್ತೆ, ಬಡಿತ ತಪ್ಪುತ್ತೆ, ಅಥವಾ ಅನ್ನನಾಳ, ದೊಡ್ಡ ಕರುಳು ಹಿಗ್ಗುತ್ತೆ. ಆ ಹೊತ್ತಿಗೆ ಔಷಧಿಯಿಂದ ಆಗುವ ಪ್ರಯೋಜನ ಬಹಳ ಕಮ್ಮಿ.

ಕೀಟ ಕಚ್ಚಿದ್ದರಿಂದಲೇ ಸೋಂಕು ಬರೋದಿಲ್ಲ. ಅದು ರಕ್ತ ಕುಡಿಯುತ್ತಾ ಅಲ್ಲೇ ಹೇಲುತ್ತೆ. ಕೆರೆದುಕೊಂಡಾಗ ಆ ಹೇಲು ಗಾಯಕ್ಕೋ ಕಣ್ಣಿಗೋ ಸೇರುತ್ತೆ. ಪರಾವಲಂಬಿ ಇರೋದು ಅದರಲ್ಲಿ. ಇದಲ್ಲದೆ ಬೇರೆ ದಾರಿಗಳೂ ಇವೆ: ಕೀಟ ಬಿದ್ದ ಹಣ್ಣಿನ ರಸ, ಕಬ್ಬಿನ ಹಾಲು, ರಕ್ತ ಹಾಕಿಸಿಕೊಳ್ಳೋದು, ಅಂಗ ಕಸಿ. ಕೊನೆಯದು ಇವತ್ತಿನ ವಿಷಯ, ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಯಿಂದ.

ಈ ಕೊನೆಯ ದಾರಿಗೆ ಈಗ ಮಹತ್ವ ಬಂದಿರೋದಕ್ಕೆ ಕಾರಣ ಒಂದು ಒಳ್ಳೆಯ ಸುದ್ದಿ. 1991ರಿಂದ ದಕ್ಷಿಣ ಅಮೆರಿಕದ ದೇಶಗಳು ಒಟ್ಟಾಗಿ ಮನೆಮನೆಗೆ ಔಷಧಿ ಹೊಡೆದು ಈ ಕೀಟವನ್ನು ಓಡಿಸಿದವು. ಅಲ್ಲಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟ ಜಾತಿಯಿಂದ ಸೋಂಕು ಹರಡೋದು ಉರುಗ್ವೆಯಲ್ಲಿ 1997ಕ್ಕೆ, ಚಿಲಿಯಲ್ಲಿ 1999ಕ್ಕೆ, ಬ್ರೆಜಿಲ್‌ನಲ್ಲಿ 2006ಕ್ಕೆ ನಿಂತಿತು ಅಂತ ಅಧಿಕೃತವಾಗಿ ಹೇಳಿದರು. ಕೀಟ ಹೋಯಿತು. ಆದರೆ ಬಾಲ್ಯದಲ್ಲಿ ಸೋಂಕು ತಗುಲಿಸಿಕೊಂಡ ಹೆಣ್ಣುಮಕ್ಕಳು ಬೆಳೆದು ತಾಯಂದಿರಾದರು. ಕೆಲಸ ಹುಡುಕಿಕೊಂಡು ಬಾರ್ಸಿಲೋನಾ, ಲಾಸ್ ಏಂಜಲೀಸ್, ಹ್ಯೂಸ್ಟನ್‌ಗೆ ಬಂದರು. ಕೀಟವನ್ನೇ ಕಾಣದ ನಗರದಲ್ಲೂ ಸೋಂಕಿತ ಮಗು ಹುಟ್ಟಬಹುದು. ಜಗತ್ತಿನಲ್ಲಿ ಸುಮಾರು 60ರಿಂದ 70 ಲಕ್ಷ ಜನರಿಗೆ ಈ ಸೋಂಕು ಇದೆ ಅನ್ನೋದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅಮೆರಿಕದಲ್ಲಿ 3 ಲಕ್ಷದ ಆಸುಪಾಸು. ಇಲ್ಲಿ ರಕ್ತದಾನಿಗಳನ್ನು ಪರೀಕ್ಷಿಸೋಕೆ ಶುರುವಾಗಿದ್ದು 2007ರಲ್ಲಿ. ನಮ್ಮ ಕೇಳುಗರ ಪಟ್ಟಿಯಲ್ಲಿ ಆ ಹೆಸರು ಬಂದಿದ್ದು ಹಾಗೆ.

ಸೋಂಕಿತ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಸೋಂಕು ಬರುತ್ತೆ. ಆ ಐದರಲ್ಲಿ ಹೆಚ್ಚಿನವು ಹುಟ್ಟುವಾಗ ಗುಂಡುಗುಂಡಾಗಿ ಆರೋಗ್ಯವಾಗೇ ಕಾಣುತ್ತವೆ. ಆದರೆ ಒಂದು ವರ್ಷದ ಒಳಗೆ ಸೋಂಕನ್ನು ಗುರುತಿಸಿ ಬೆಂಜ್‌ನಿಡಜೋಲ್ ಅನ್ನುವ ಮಾತ್ರೆಯನ್ನು 60 ದಿನ ಕೊಟ್ಟರೆ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ದೊಡ್ಡವರಿಗೆ ಈ ಮಾತ್ರೆಯಿಂದ ಮೈಮೇಲೆ ದದ್ದು, ಕೈಕಾಲು ಜೋಮು ಎಲ್ಲ ಆಗೋದುಂಟು. ಕೂಸುಗಳು ಅವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ನೀರಲ್ಲಿ ಕರಗುವ 12.5 ಮಿಲಿಗ್ರಾಂನ ಮಕ್ಕಳ ಮಾತ್ರೆಯೂ ಇದೆ. ಅಂದರೆ ಔಷಧಿ ಇದೆ, ಅದು ಕೆಲಸ ಮಾಡುತ್ತೆ, ಒಂದು ವರ್ಷದ ಸಮಯವೂ ಇದೆ. ಇಲ್ಲದಿರೋದು, ಆ ಐದು ಮಕ್ಕಳು ಯಾರು ಅಂತ ಬೇಗ ಹೇಳುವ ಪರೀಕ್ಷೆ.

ಯಾಕೆ ಕಷ್ಟ ಅಂತ ಅರ್ಥವಾಗಬೇಕಾದರೆ ಬುತ್ತಿಯ ಕಥೆ ಹೇಳಬೇಕು.

ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿ ತನ್ನ ಪ್ರತಿಕಾಯಗಳನ್ನು, ಅದರಲ್ಲೂ ಐಜಿಜಿ ಅನ್ನುವ ಬಗೆಯನ್ನು, ಮಾಸಿನ ಮೂಲಕ ಮಗುವಿಗೆ ದಾಟಿಸುತ್ತಾಳೆ. ತಾನಾಗೇ ಸೋರಿ ಹೋಗೋದಲ್ಲ. ಮಾಸಿನಲ್ಲಿರುವ ಒಂದು ಪ್ರೋಟೀನು ಐಜಿಜಿಯನ್ನು ಹಿಡಿದು ಆಚೆ ದಡಕ್ಕೆ ಮುಟ್ಟಿಸುತ್ತೆ. ಹೊಸ ಊರಿಗೆ ಹೊರಟ ಮಗುವಿಗೆ ತಾಯಿ ಕಟ್ಟಿಕೊಡುವ ಬುತ್ತಿ ಅದು. ಮೊದಲ ಕೆಲವು ತಿಂಗಳು ಮಗುವನ್ನು ಕಾಯೋದು ಈ ಬುತ್ತಿಯೇ. ತೊಂದರೆ ಏನಂದರೆ, ಶಾಗಸ್‌ಗೆ ನಾವು ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆ ಹುಡುಕೋದು ಇದೇ ಐಜಿಜಿಯನ್ನು. ತಾಯಿಗೆ ಸೋಂಕಿದ್ದರೆ ಬುತ್ತಿಯಲ್ಲಿ ಶಾಗಸ್ ವಿರುದ್ಧದ ಪ್ರತಿಕಾಯವೂ ಇರುತ್ತೆ. ಹಾಗಾಗಿ ಹುಟ್ಟಿದ ದಿನ ಪರೀಕ್ಷೆ ಮಾಡಿದರೆ ನೂರಕ್ಕೆ ನೂರು ಮಕ್ಕಳೂ ಪಾಸಿಟಿವ್! ಯಾವುದು ತಾಯಿಯದು, ಯಾವುದು ಮಗು ತಾನೇ ತಯಾರಿಸಿದ್ದು ಅಂತ ಪರೀಕ್ಷೆಗೆ ಗೊತ್ತಾಗೋದಿಲ್ಲ. ಬುತ್ತಿ ಪೂರ್ತಿ ಖಾಲಿಯಾಗೋದಕ್ಕೆ 8ರಿಂದ 10 ತಿಂಗಳು ಬೇಕು. ಅದಾದ ಮೇಲೂ ಪ್ರತಿಕಾಯ ಕಂಡರೆ, ಅದು ಮಗುವಿನದೇ.

ಇಲ್ಲಿ ಟೊಕ್ಸೊಪ್ಲಾಸ್ಮಾ ನೆನಪಾಗುತ್ತೆ. ಅದೂ ಪರಾವಲಂಬಿಯೇ. ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ ಬರುತ್ತೆ. ಬಸುರಿಯಲ್ಲಿ ಹೊಸದಾಗಿ ತಗುಲಿದರೆ ಮಗುವಿನ ಕಣ್ಣಿಗೆ, ಮೆದುಳಿಗೆ ಪೆಟ್ಟು. ಊರಲ್ಲಿ ಬಸುರಿಯರಿಗೆ ಮಾಡಿಸುವ ಟಾರ್ಚ್ ಪರೀಕ್ಷೆಯ ಮೊದಲ ಅಕ್ಷರ ಇದೇ. ನಮ್ಮಲ್ಲೊಬ್ಬರಿಗೆ ಬೆಂಗಳೂರಿನಲ್ಲಿದ್ದಾಗ ಅದರ ರಿಪೋರ್ಟ್ ಬಂದು, 'ಐಜಿಜಿ ಪಾಸಿಟಿವ್' ಅಂತ ಕೆಂಪಕ್ಷರದಲ್ಲಿ ನೋಡಿ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಡಾಕ್ಟರು ನೋಡಿ ನಕ್ಕರಂತೆ. ಐಜಿಎಂ ನೆಗೆಟಿವ್ ಇದೆಯಲ್ಲಮ್ಮ, ಇದು ಯಾವಾಗಲೋ ಬಂದು ಹೋದದ್ದು, ಈಗಿನದಲ್ಲ ಅಂದರಂತೆ. ಐಜಿಎಂ ದೊಡ್ಡ ಅಣು, ಮಾಸನ್ನು ದಾಟೋದಿಲ್ಲ. ಆದ್ದರಿಂದ ಹುಟ್ಟಿದ ಮಗುವಿನ ರಕ್ತದಲ್ಲಿ ಟೊಕ್ಸೊ ಐಜಿಎಂ ಇದ್ದರೆ ಅದು ಬುತ್ತಿಯದಲ್ಲ, ಮಗುವಿನ ಸ್ವಂತ ಅಡುಗೆ. ಟೊಕ್ಸೊದಲ್ಲಿ ಈ ಉಪಾಯ ಸಾಕಷ್ಟು ನಡೆಯುತ್ತೆ. ಶಾಗಸ್‌ನಲ್ಲಿ ಐಜಿಎಂ ಅಷ್ಟು ನಂಬಿಕೆಗೆ ಅರ್ಹ ಅಲ್ಲ. ಎಷ್ಟೋ ಸೋಂಕಿತ ಮಕ್ಕಳಲ್ಲಿ ಅದು ಸಿಗೋದೇ ಇಲ್ಲ.

ಹಾಗಾದರೆ ಪರಾವಲಂಬಿಯನ್ನೇ ನೋಡಬಾರದಾ? ನೋಡ್ತಾರೆ. ಹುಟ್ಟಿದ ಮಗುವಿನ ರಕ್ತವನ್ನು ನಾಲ್ಕಾರು ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬಿ ಗಿರ್ರನೆ ತಿರುಗಿಸುತ್ತಾರೆ. ಕೆಂಪುಕಣಗಳು ಕೆಳಗೆ ಕೂರುತ್ತವೆ, ತಿಳಿನೀರು ಮೇಲೆ. ನಡುವಿನ ತೆಳ್ಳನೆ ಬಿಳಿ ಪದರದಲ್ಲಿ ಪರಾವಲಂಬಿ ಇದ್ದರೆ ಮೈಕ್ರೋಸ್ಕೋಪಿನಲ್ಲಿ ಬಾಲ ಆಡಿಸುತ್ತಾ ಓಡಾಡೋದು ಕಾಣುತ್ತೆ. ಅರ್ಜೆಂಟೀನಾ, ಬೊಲಿವಿಯಾದ ಹೆರಿಗೆ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಪಳಗಿದ ಕಣ್ಣು ಬೇಕು, ರಕ್ತ ತಾಜಾ ಇರಬೇಕು, ನೋಡುವವರಿಗೆ ಸುಸ್ತಾಗಿರಬಾರದು. ಇಷ್ಟಾದರೂ ಹುಟ್ಟಿದ ದಿನದ ಒಂದೇ ಪರೀಕ್ಷೆಯಲ್ಲಿ ಅರ್ಧದಷ್ಟು ಸೋಂಕಿತ ಮಕ್ಕಳು ತಪ್ಪಿಹೋಗೋದುಂಟು. ತಪ್ಪಿದವರಿಗೆ ಹೇಳೋದು, 'ಹತ್ತು ತಿಂಗಳಿಗೆ ಮತ್ತೆ ಬನ್ನಿ'.

ಆ 'ಮತ್ತೆ ಬನ್ನಿ'ಯಲ್ಲೇ ಎಲ್ಲಾ ಕೈತಪ್ಪೋದು. ತಾಯಿ ಹಳ್ಳಿಗೆ ಹೋಗಿರ್ತಾಳೆ, ಕೂಲಿಗೆ ಬೇರೆ ಜಿಲ್ಲೆಗೆ ಹೋಗಿರ್ತಾಳೆ, ಮಗು ಚೆನ್ನಾಗಿ ಆಡಿಕೊಂಡಿರುತ್ತೆ. ಆರೋಗ್ಯವಾಗಿರೋ ಮಗುವನ್ನು ಸೂಜಿ ಚುಚ್ಚಿಸೋಕೆ ಒಂದು ದಿನದ ಕೂಲಿ ಬಿಟ್ಟು ಯಾರು ಕರಕೊಂಡು ಬರ್ತಾರೆ? ಮಕ್ಕಳಲ್ಲಿ ದೊಡ್ಡ ಪಾಲು ಹೀಗೆ ಲೆಕ್ಕದಿಂದ ಆಚೆ ಹೋಗುತ್ತೆ. ಅವರಲ್ಲಿ ಹೆಣ್ಣುಮಕ್ಕಳು ಬೆಳೆದು, ಗೊತ್ತೇ ಇಲ್ಲದೆ, ಮುಂದಿನ ಮಗುವಿಗೆ ಅದನ್ನೇ ದಾಟಿಸಬಹುದು.

ಈಗ ಶುಗರ್ ಮೆಷಿನ್ ಕಡೆ ಬರೋಣ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರ್ ಅದೇ. ಹೆಸರು ದೊಡ್ಡದು, ಸಂಗತಿ ಸರಳ. ಸ್ಟ್ರಿಪ್ಪಿನ ತುದಿಯಲ್ಲಿ ಗ್ಲೂಕೋಸನ್ನು ಮಾತ್ರ ಗುರುತಿಸುವ ಒಂದು ಕಿಣ್ವ ಇದೆ. ಅದು ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ. ಇನ್ನೊಂದು ಅಣು ಆ ಎಲೆಕ್ಟ್ರಾನನ್ನು ಹೊತ್ತುಕೊಂಡು ಹೋಗಿ ಎಲೆಕ್ಟ್ರೋಡಿಗೆ ಇಳಿಸುತ್ತೆ, ಗದ್ದೆಯಿಂದ ಕಣಕ್ಕೆ ಹೊರೆ ಹೊರುವವರ ಹಾಗೆ. ಎಷ್ಟು ಎಲೆಕ್ಟ್ರಾನ್ ಬಂತು ಅನ್ನೋದೇ ಕರೆಂಟು, ಕರೆಂಟು ಹೆಚ್ಚಿದಷ್ಟೂ ಸಕ್ಕರೆ ಹೆಚ್ಚು. 1962ರಲ್ಲಿ ಅಮೆರಿಕದ ಲೀಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಕಿಣ್ವವನ್ನೂ ಎಲೆಕ್ಟ್ರೋಡನ್ನೂ ಜೊತೆ ಮಾಡುವ ಯೋಚನೆ ಮುಂದಿಟ್ಟರು. 1984ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಹೊರೆ ಹೊರುವ ಅಣುವಾಗಿ ಫೆರೊಸೀನನ್ನು ಬಳಸಿ ತೋರಿಸಿದರು. 1987ಕ್ಕೆ ಪೆನ್ನಿನಷ್ಟು ದೊಡ್ಡ ಮೀಟರ್ ಅಂಗಡಿಗೆ ಬಂತು. ಸ್ಟ್ರಿಪ್ಪಿನ ಎಲೆಕ್ಟ್ರೋಡನ್ನು ಇಂಗಾಲದ ಶಾಯಿಯಿಂದ ಸ್ಕ್ರೀನ್ ಪ್ರಿಂಟ್ ಮಾಡಬಹುದು, ನಮ್ಮ ಊರಲ್ಲಿ ಮದುವೆ ಕಾರ್ಡು, ಬ್ಯಾನರ್ ಅಚ್ಚು ಹಾಕುವ ಅದೇ ತಂತ್ರ. ಅಗ್ಗವಾಗಿರೋದು ಅದಕ್ಕೇ.

ಕಿಣ್ವದ ಜಾಗದಲ್ಲಿ ಬೇರೆ ಗುರುತುಗಾರನನ್ನು ಕೂರಿಸಿದರೆ ಬೇರೆ ರೋಗವನ್ನು ಹಿಡಿಯಬಹುದು, ಇದು ಮೂಲ ಆಸೆ. ಎಲೆಕ್ಟ್ರೋಡಿನ ಮೇಲೆ ಪರಾವಲಂಬಿಯ ಪ್ರೋಟೀನ್ ಅಂಟಿಸಿ. ರಕ್ತದಲ್ಲಿ ಅದರ ಪ್ರತಿಕಾಯ ಇದ್ದರೆ ಬಂದು ಕೂರುತ್ತೆ. ಅದರ ಬೆನ್ನಿಗೆ ಕಿಣ್ವ ಹೊತ್ತ ಎರಡನೇ ಪ್ರತಿಕಾಯವನ್ನು ಕೂರಿಸಿ, ಆ ಕಿಣ್ವಕ್ಕೆ ಬೇಕಾದ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಕರೆಂಟು ಶುರು. ಬ್ರೆಜಿಲ್ ಮತ್ತು ಅರ್ಜೆಂಟೀನಾದ ಪ್ರಯೋಗಾಲಯಗಳು 2000ದ ದಶಕದ ಮಧ್ಯದಲ್ಲೇ ಶಾಗಸ್‌ಗೆ ಇಂಥ ಸೆನ್ಸರ್ ಮಾಡಿ ತೋರಿಸಿದವು. ಕಿಣ್ವ ಇಲ್ಲದೆಯೂ ಮಾಡಬಹುದು. ಪ್ರತಿಕಾಯಗಳು ಬಂದು ಕೂತಷ್ಟೂ ಎಲೆಕ್ಟ್ರೋಡಿನ ಮೈ ಮುಚ್ಚಿಹೋಗುತ್ತೆ, ಕರೆಂಟಿಗೆ ತಡೆ ಹೆಚ್ಚುತ್ತೆ. ಜಾತ್ರೆಯಲ್ಲಿ ಗುಡಿಯ ಬಾಗಿಲಿಗೆ ಜನ ಅಡ್ಡ ನಿಂತಾಗ ಒಳಗೆ ಹೋಗೋರು ಕಮ್ಮಿಯಾಗೋ ಹಾಗೆ. ಆ ತಡೆಯನ್ನೇ ಅಳೆಯೋದು.

ಇಷ್ಟು ಕೇಳಿ 'ಆಯ್ತಲ್ಲ, ಇನ್ನೇನು?' ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇದು ತಾಯಿಗೆ ಒಳ್ಳೆಯ ಪರೀಕ್ಷೆ, ಮಗುವಿಗಲ್ಲ. ಬುತ್ತಿಯ ಐಜಿಜಿಯನ್ನೇ ಇನ್ನೂ ಸೂಕ್ಷ್ಮವಾಗಿ, ಇನ್ನೂ ಬೇಗ ಅಳೆದರೆ ಬರೋದು ಅದೇ ತಪ್ಪು ಉತ್ತರ, ಇನ್ನೂ ಬೇಗ. ಸೆನ್ಸರ್ ಬಗ್ಗೆ ಬರುವ ಎಷ್ಟೋ ಸುದ್ದಿಗಳು ಈ ಒಂದು ವಿಷಯವನ್ನು ಹಾರಿಸಿಬಿಡುತ್ತವೆ. ಯಾವುದನ್ನು ಅಳೆಯುತ್ತಿದ್ದೇವೆ ಅನ್ನೋದು ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ಅಳೆದರೂ ಪ್ರಯೋಜನ ಇಲ್ಲ.

ಸರಿ, ಪರಾವಲಂಬಿಯನ್ನೇ, ಅಥವಾ ಅದರ ಡಿಎನ್‌ಎಯನ್ನೇ ಹಿಡಿಯೋಣ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಲೇಬೇಕು. ಶುಗರ್ ಸ್ಟ್ರಿಪ್ ಕುಡಿಯೋದು ಸುಮಾರು 1 ಮೈಕ್ರೋಲೀಟರ್ ರಕ್ತ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು. ಸಕ್ಕರೆ 100 ಇದೆ ಅಂತಿಟ್ಟುಕೊಳ್ಳಿ. ಆ ಒಂದು ಮೈಕ್ರೋಲೀಟರಿನಲ್ಲಿ ಇರುವ ಗ್ಲೂಕೋಸ್ ಅಣುಗಳು ಸುಮಾರು 33 ಕೋಟಿ ಕೋಟಿ. ಮೂವತ್ತಮೂರು ಕೋಟಿ ದೇವತೆಗಳನ್ನು ಒಂದು ಕೋಟಿ ಸಲ ಎಣಿಸಿದ ಹಾಗೆ! ಅಷ್ಟು ಇರುವಾಗ ಯಾವ ಹನಿ ತೆಗೆದುಕೊಂಡರೂ ಒಂದೇ.

ಈಗ ಸೋಂಕಿತ ಮಗುವಿನ ರಕ್ತದಲ್ಲಿ ಒಂದು ಮಿಲಿಲೀಟರಿಗೆ 10 ಪರಾವಲಂಬಿ ಇವೆ ಅಂದುಕೊಳ್ಳೋಣ, ಲೆಕ್ಕಕ್ಕೆ. ಸ್ಟ್ರಿಪ್ ಕುಡಿದ ಹನಿಯಲ್ಲಿ ಒಂದು ಸಿಗುವ ಸಾಧ್ಯತೆ ನೂರಕ್ಕೆ ಒಂದು. ನೂರು ಮೈಕ್ರೋಲೀಟರ್ ತೆಗೆದರೆ? ಸರಾಸರಿ ಒಂದು ಸಿಗುತ್ತೆ. ಆದರೆ ಸರಾಸರಿ ಒಂದು ಅಂದರೆ ಪ್ರತಿ ಸಲ ಒಂದು ಅಂತ ಅಲ್ಲ. ಕೆಲವು ಸಲ ಎರಡು, ಕೆಲವು ಸಲ ಮೂರು, ನೂರರಲ್ಲಿ ಸುಮಾರು 37 ಸಲ ಒಂದೂ ಇರೋದಿಲ್ಲ. ಹಿಡಿ ಒಗ್ಗರಣೆ ಹಾಕಿದ ದೊಡ್ಡ ಪಾತ್ರೆ ಚಿತ್ರಾನ್ನದಲ್ಲಿ ನಿಮ್ಮ ತುತ್ತಿಗೆ ಕಡಲೆಬೀಜ ಸಿಗುತ್ತಾ ಇಲ್ಲವಾ ಅನ್ನೋ ಪ್ರಶ್ನೆ ಇದು. ತುತ್ತಿನಲ್ಲಿ ಕಡಲೆಬೀಜವೇ ಇಲ್ಲದಿದ್ದರೆ ನಾಲಿಗೆ ಎಷ್ಟು ಚುರುಕಿದ್ದು ಏನು ಬಂತು? ಜಗತ್ತಿನ ಅತ್ಯುತ್ತಮ ನ್ಯಾನೋ ಸೆನ್ಸರ್ ಕೂಡ ಆ 37 ಮಕ್ಕಳಿಗೆ ನೆಗೆಟಿವ್ ಅಂತಲೇ ಹೇಳುತ್ತೆ. ಅರ್ಧ ಮಿಲಿಲೀಟರ್ ತೆಗೆದರೆ ಸರಾಸರಿ 5; ಆಗ ಖಾಲಿ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಮ್ಮಿ. ಸೆನ್ಸರಿನ ತುದಿಗಿಂತ ರಕ್ತದ ಪ್ರಮಾಣ ಇಲ್ಲಿ ಮುಖ್ಯ ಆಗಿಬಿಡುತ್ತೆ. ಹಿಮ್ಮಡಿ ಚುಚ್ಚಿದ ಒಂದು ಹನಿಯಲ್ಲಿ ಎಲ್ಲಾ ಗೊತ್ತಾಗುತ್ತೆ ಅಂತ ಯಾರಾದರೂ ಹೇಳಿದರೆ ನಾವು ಮೊದಲು ಕೇಳೋದು ಇದನ್ನೇ.

ಅದೃಷ್ಟಕ್ಕೆ ಈ ಪರಾವಲಂಬಿಯೇ ನಮಗೊಂದು ಸಹಾಯ ಮಾಡುತ್ತೆ. ಅದರ ಒಂದೇ ಕೋಶದಲ್ಲಿ ಕೆಲವು ಡಿಎನ್‌ಎ ತುಣುಕುಗಳು ಸಾವಿರಾರು ಪ್ರತಿಗಳಲ್ಲಿ ಇರುತ್ತವೆ. ಒಂದು ಬಗೆ, ಕೋಶಕೇಂದ್ರದಲ್ಲಿ ಸಾಲಾಗಿ ಮತ್ತೆ ಮತ್ತೆ ಬರುವ ತುಣುಕು. ತಳಿಯ ಮೇಲೆ ಹತ್ತಾರು ಸಾವಿರದಿಂದ ಲಕ್ಷದವರೆಗೂ ಇರಬಹುದು. ಇನ್ನೊಂದು, ಸಣ್ಣ ಸಣ್ಣ ಉಂಗುರಗಳು, ಸಾವಿರಾರು, ಸರಪಳಿ ಕೊಂಡಿಗಳ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು ಜಾಲವಾಗಿರುತ್ತವೆ. ರಕ್ತ ತೆಗೆದ ಕೂಡಲೇ ಗ್ವಾನಿಡೀನ್ ಅನ್ನುವ ರಾಸಾಯನಿಕ ಬೆರೆಸಿದರೆ ಪರಾವಲಂಬಿ ಒಡೆದು ಇದೆಲ್ಲ ಹೊರಗೆ ಬರುತ್ತೆ. ಆಮೇಲೆ ಅದನ್ನು ಕುದಿಸಿದರೆ ಉಂಗುರಗಳ ಜಾಲ ಬಿಚ್ಚಿಕೊಳ್ಳುತ್ತೆ. ಒಂದು ಕಡಲೆಬೀಜವನ್ನು ಪುಡಿ ಮಾಡಿ ಇಡೀ ಪಾತ್ರೆಗೆ ಕಲಸಿದ ಹಾಗೆ, ಈಗ ಯಾವ ತುತ್ತು ತೆಗೆದರೂ ಅದರ ರುಚಿ ಇದೆ. ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಇದನ್ನೇ ನೆಚ್ಚಿಕೊಂಡಿದೆ. ಅದು ಚೆನ್ನಾಗೇ ಕೆಲಸ ಮಾಡುತ್ತೆ, ಆದರೆ ಯಂತ್ರ, ಫ್ರಿಜ್, ತರಬೇತಾದ ಜನ, ನಗರ ಎಲ್ಲಾ ಬೇಕು.

ಕರೆಂಟಿನ ಸೆನ್ಸರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರಬಹುದು. ಪಿಸಿಆರ್ ಹಾಗೆ ಬಿಸಿ-ತಣ್ಣಗೆ ಮಾಡದೆ ಒಂದೇ ಉಷ್ಣಾಂಶದಲ್ಲಿ, ಸುಮಾರು 65 ಡಿಗ್ರಿಯಲ್ಲಿ, ಡಿಎನ್‌ಎ ಪ್ರತಿ ಮಾಡುವ ಲ್ಯಾಂಪ್ ಅನ್ನುವ ವಿಧಾನ ಇದೆ. ಜಪಾನಿನವರು 2000ದಲ್ಲಿ ಪ್ರಕಟಿಸಿದ್ದು. ಶಾಗಸ್‌ಗೆ ಲ್ಯಾಂಪ್ ಕಿಟ್ ಕೂಡ ತಯಾರಾಗಿದೆ. ಪ್ರತಿ ಹೆಚ್ಚಿದ್ದನ್ನು ಬಣ್ಣದಿಂದ ನೋಡುವ ಬದಲು ಮಿಥಿಲೀನ್ ಬ್ಲೂ ಅನ್ನುವ ಬಣ್ಣದಿಂದಲೇ, ಆದರೆ ಕರೆಂಟಿನಲ್ಲಿ, ಅಳೆಯಬಹುದು. ಆ ಅಣು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳೋದರಲ್ಲಿ ಗಟ್ಟಿಗ. ಡಿಎನ್‌ಎ ಜೊತೆ ಅಂಟಿಕೊಂಡಾಗ ಎಲೆಕ್ಟ್ರೋಡಿಗೆ ಸುಲಭವಾಗಿ ಸಿಗೋದಿಲ್ಲ, ಕರೆಂಟು ಇಳಿಯುತ್ತೆ. ಆ ಇಳಿತವೇ ಉತ್ತರ. ಕ್ರಿಸ್ಪರ್ ಬಳಸುವವರೂ ಇದ್ದಾರೆ. ಚಿನ್ನದ ಎಲೆಕ್ಟ್ರೋಡಿಗೆ ಮಿಥಿಲೀನ್ ಬ್ಲೂ ಕಟ್ಟಿದ ಡಿಎನ್‌ಎ ದಾರಗಳನ್ನು ನಿಲ್ಲಿಸಿರ್ತಾರೆ. ಪರಾವಲಂಬಿಯ ಡಿಎನ್‌ಎ ಸಿಕ್ಕಿತೋ, ಕ್ರಿಸ್ಪರ್ ಕಿಣ್ವ ಎಚ್ಚೆತ್ತು ಸಿಕ್ಕ ದಾರಗಳನ್ನೆಲ್ಲ ಕತ್ತರಿಸುತ್ತೆ, ಕರೆಂಟು ಬೀಳುತ್ತೆ. ಕೇಳೋಕೆ ಚೆಂದ. ಆದರೆ ಈ ಯಾವುದೂ ಶಾಗಸ್ ಮಕ್ಕಳ ದಿನನಿತ್ಯದ ಪರೀಕ್ಷೆಯಾಗಿ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಶುದ್ಧ ದ್ರಾವಣದಲ್ಲಿ ಕೆಲಸ ಮಾಡಿದ್ದು ರಕ್ತದಲ್ಲಿ ಮಾಡಬೇಕಂತಿಲ್ಲ. ರಕ್ತದ ಪ್ರೋಟೀನುಗಳು ಎಲೆಕ್ಟ್ರೋಡಿಗೆ ಎಣ್ಣೆಜಿಡ್ಡಿನ ಹಾಗೆ ಮೆತ್ತಿಕೊಳ್ಳುತ್ತವೆ. ಜೊತೆಗೆ ಶಾಗಸ್ ಇರುವ ಕಡೆ ಲೀಶ್ಮೇನಿಯಾ ಅನ್ನುವ ದಾಯಾದಿಯೂ ಇರುತ್ತೆ, ಪ್ರತಿಕಾಯ ಪರೀಕ್ಷೆಗಳನ್ನು ಅದು ಆಗಾಗ ಏಮಾರಿಸುತ್ತೆ.

ಕರೆಂಟಿನ ಇನ್ನೊಂದು ಗುಣವನ್ನು ಜನ ಅಷ್ಟಾಗಿ ಗಮನಿಸಿಲ್ಲ ಅಂತ ನಮ್ಮ ಅನಿಸಿಕೆ. ಗೆರೆ ಮೂಡುವ ಸ್ಟ್ರಿಪ್, ನಮ್ಮ ಪ್ರೆಗ್ನೆನ್ಸಿ ಕಿಟ್ ಥರದ್ದು, ಹೌದು ಅಥವಾ ಇಲ್ಲ ಅನ್ನುತ್ತೆ. ಕರೆಂಟು ಎಷ್ಟು ಅಂತ ಹೇಳುತ್ತೆ. ಬುತ್ತಿಯ ಸಮಸ್ಯೆಗೆ 'ಎಷ್ಟು' ಅನ್ನೋದು ಬಹಳ ಮುಖ್ಯ. ತಾಯಿಯ ಐಜಿಜಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತೆ. ಹುಟ್ಟಿದಾಗ 100 ಇದ್ದರೆ ಎರಡು ತಿಂಗಳಿಗೆ 15ರ ಹತ್ತಿರ ಬರಬೇಕು. ಬರದೆ 60ರಲ್ಲೇ ನಿಂತಿದ್ದರೆ? ಬುತ್ತಿ ಖಾಲಿಯಾಗಬೇಕಿತ್ತು, ಆಗಿಲ್ಲ, ಅಂದರೆ ಮನೆಯೊಳಗೆ ಯಾರೋ ಒಲೆ ಹಚ್ಚಿದ್ದಾರೆ! ಹತ್ತು ತಿಂಗಳು ಕಾಯದೆ ಅನುಮಾನ ಪಡಬಹುದು. ಈ ಯೋಚನೆ ಬರೀ ಗಾಳಿಯಲ್ಲಿಲ್ಲ. ಪರಾವಲಂಬಿ ಸೋಂಕಿನ ಆರಂಭದಲ್ಲಿ ಉದುರಿಸುವ ಸಾಪಾ ಅನ್ನುವ ಒಂದು ಪ್ರೋಟೀನ್ ಇದೆ. ಅರ್ಜೆಂಟೀನಾದ ತುತ್ತತುದಿಯ ಉಷುವಾಯಾ ಪಟ್ಟಣದಲ್ಲಿ, ಕೀಟವೇ ಬದುಕದಷ್ಟು ಚಳಿಯ ಊರದು, ವಲಸೆ ಬಂದ ತಾಯಂದಿರ ಮಕ್ಕಳನ್ನು ಗಮನಿಸಿದಾಗ, ಸೋಂಕಿಲ್ಲದ ಮಕ್ಕಳಲ್ಲಿ ಸಾಪಾ ವಿರುದ್ಧದ ಪ್ರತಿಕಾಯ ಮೂರು ತಿಂಗಳ ಹೊತ್ತಿಗೇ ಮಾಯವಾಗಿತ್ತು. ಉಳಿದ ಪ್ರತಿಕಾಯಗಳಿಗಿಂತ ಎಷ್ಟೋ ಮೊದಲು. ಸಾಪಾ ಅಂಟಿಸಿದ ಎಲೆಕ್ಟ್ರೋಡಿನಿಂದ ಎರಡು ಸಲ ಅಳೆದು ಹೋಲಿಸೋದು ನಮಗೆ ಕ್ರಿಸ್ಪರ್‌ಗಿಂತ ಹತ್ತಿರದ ದಾರಿಯಾಗಿ ಕಾಣುತ್ತೆ.

ಯಾವಾಗ ಅಳೆಯಬೇಕು ಅನ್ನೋದೂ ಅಷ್ಟೇ ಮುಖ್ಯ. ಹುಟ್ಟಿದ ದಿನ ರಕ್ತದಲ್ಲಿ ಪರಾವಲಂಬಿಗಳು ಇನ್ನೂ ಕಮ್ಮಿ ಇರಬಹುದು, ಮೊದಲ ತಿಂಗಳಲ್ಲಿ ಸಂಖ್ಯೆ ಏರುತ್ತೆ. ಹುಟ್ಟಿದಾಗ ನೆಗೆಟಿವ್ ಬಂದ ಮಗು ಒಂದು ತಿಂಗಳಿಗೆ ಪಾಸಿಟಿವ್ ಆಗೋದು ಸಾಮಾನ್ಯ. ಹಾಗಾಗಿ ಹೆರಿಗೆ ವಾರ್ಡಿನಲ್ಲೇ ಎಲ್ಲ ಮುಗಿಸುವ ಸೆನ್ಸರ್ ಬೇಕು ಅನ್ನೋದೇ ಸರಿಯಾದ ಗುರಿ ಅಲ್ಲವೇನೋ. ತಾಯಿ ಹತ್ತು ತಿಂಗಳಿಗೆ ಬರದೇ ಇರಬಹುದು, ಆದರೆ ಎರಡು ತಿಂಗಳ ಲಸಿಕೆಗೆ ಬರ್ತಾಳೆ. ಬಹುಪಾಲು ತಾಯಂದಿರು ಬರ್ತಾರೆ. ನರ್ಸ್ ಹೇಗೂ ಸೂಜಿ ಹಿಡಿದಿರ್ತಾರೆ, ಮಗು ಹೇಗೂ ಅಳುತ್ತೆ. ಆಗ ಅರ್ಧ ಮಿಲಿಲೀಟರ್ ರಕ್ತ ತೆಗೆದು, ತಾಯಿ ಬೆಂಚಿನ ಮೇಲೆ ಕೂತಿರುವ ಒಂದು ಗಂಟೆಯಲ್ಲಿ ಉತ್ತರ ಕೊಡುವ ಪೆಟ್ಟಿಗೆ ಇದ್ದರೆ ಸಾಕು. ಅದು ಜಗತ್ತಿನ ಅತಿ ಸೂಕ್ಷ್ಮ ಸೆನ್ಸರ್ ಆಗಿರಬೇಕಿಲ್ಲ.

ಆದರೆ ತಪ್ಪು ಪಾಸಿಟಿವ್ ಬಗ್ಗೆ ಎಚ್ಚರ ಇರಲಿ. ಸೋಂಕಿತ ತಾಯಂದಿರ 1000 ಮಕ್ಕಳನ್ನು ತೆಗೆದುಕೊಳ್ಳಿ; 50 ಮಕ್ಕಳಿಗೆ ಸೋಂಕು, 950ಕ್ಕೆ ಇಲ್ಲ. ಸೋಂಕಿದ್ದವರಲ್ಲಿ ನೂರಕ್ಕೆ 95 ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 98 ಮಂದಿಗೆ ಸರಿಯಾಗಿ 'ಇಲ್ಲ' ಅನ್ನುವ ಸೆನ್ಸರ್ ಇದೆ ಅನ್ನಿ. ಬಹಳ ಒಳ್ಳೆಯ ಸೆನ್ಸರ್ ಅದು. ಆದರೂ ಸುಮಾರು 47 ನಿಜವಾದ ಪಾಸಿಟಿವ್ ಜೊತೆ 19 ಆರೋಗ್ಯವಂತ ಮಕ್ಕಳೂ ಪಾಸಿಟಿವ್ ಬರ್ತಾರೆ. 60 ದಿನ ಮಾತ್ರೆ ಶುರು ಮಾಡೋ ಮುಂಚೆ ಆ 66 ಮಕ್ಕಳಿಗೆ ಮಾತ್ರ ಎರಡನೇ ಪರೀಕ್ಷೆ, ಪಿಸಿಆರೋ ಮೈಕ್ರೋಸ್ಕೋಪೋ. ಸಾವಿರ ಮಕ್ಕಳನ್ನು ಹತ್ತು ತಿಂಗಳು ಹಿಂಬಾಲಿಸೋದಕ್ಕಿಂತ 66 ಮನೆಗೆ ಹೋಗಿ ಬರೋದು ಸುಲಭ.

ನಮ್ಮ ಡಲ್ಲಾಸ್ ಕೇಳುಗರಿಗೆ ಈಗ ನೇರ ಉತ್ತರ. ನಿಮ್ಮ ರಕ್ತದಲ್ಲಿ ಪ್ರತಿಕಾಯ ಇಲ್ಲ ಅಂತ ಬಂದಿದ್ದರೆ ವಿಷಯ ಮುಗಿಯಿತು. ಯಾರಿಗಾದರೂ ಪಾಸಿಟಿವ್ ಬಂದರೆ ಗಾಬರಿ ಬೇಡ, ಮೊದಲ ಪರೀಕ್ಷೆ ಎಷ್ಟೋ ಸಲ ತಪ್ಪು ಹೇಳುತ್ತೆ, ಬೇರೆ ವಿಧಾನದ ಎರಡನೇ ಪರೀಕ್ಷೆ ಆದ ಮೇಲೇ ನಂಬಬೇಕು. ಕರ್ನಾಟಕದಲ್ಲಿ ಹುಟ್ಟಿ ಬೆಳೆದು ನೇರ ಇಲ್ಲಿಗೆ ಬಂದವರಿಗೆ ಅಪಾಯ ತೀರಾ ಕಮ್ಮಿ. ಆದರೆ ಟೆಕ್ಸಸ್‌ನಲ್ಲಿ ಈ ಕೀಟ ಇದೆ, ಇಲ್ಲಿನ ನಾಯಿಗಳಿಗೂ ಸೋಂಕು ಬರುತ್ತೆ. 2013ರಿಂದ ಈ ರಾಜ್ಯದಲ್ಲಿ ಶಾಗಸ್ ಪ್ರಕರಣಗಳನ್ನು ಆರೋಗ್ಯ ಇಲಾಖೆಗೆ ತಿಳಿಸೋದು ಕಡ್ಡಾಯ. ಹಿತ್ತಲಲ್ಲಿ ಅಂಥ ಕೀಟ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಹೊಸಕಬೇಡಿ. ಇನ್ನು, ಮನೆಗೆಲಸಕ್ಕೋ ಮಗು ನೋಡಿಕೊಳ್ಳೋಕೋ ಬರುವ ಅಕ್ಕ ಬೊಲಿವಿಯಾದವರೋ ಎಲ್ ಸಾಲ್ವಡಾರ್‌ನವರೋ ಆಗಿದ್ದು, ಮಗುವಿನ ಯೋಚನೆಯಲ್ಲಿದ್ದರೆ, ಶಾಗಸ್ ಪರೀಕ್ಷೆ ಅಂತ ಒಂದು ಇದೆ ಅನ್ನೋ ಮಾತನ್ನು ಅವರ ಕಿವಿಗೆ ಹಾಕಿ. ಬಸುರಿಯಲ್ಲಿ ಈ ಔಷಧಿ ಕೊಡೋದಿಲ್ಲ. ಬಸುರಿಗೆ ಮುಂಚೆಯೇ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಸೋಂಕು ಕಾಣಿಸಿಕೊಂಡಿದ್ದು ಬಹಳ ಬಹಳ ಅಪರೂಪ.